ಕಮಾಂಡೋ ಅಂದರೆ ಒಬ್ಬನೋ, ಇಡೀ ದಂಡೋ?

ಪ್ರಶ್ನೆ: ಎರಡನೇ ಮಹಾಯುದ್ಧದ ಬಗ್ಗೆ ಓದುವಾಗ ‘ನಂಬರ್ 3 ಕಮಾಂಡೋ ದಾಳಿ ಮಾಡಿತು’ ಅಂತ ಬರುತ್ತದೆ. ಕಮಾಂಡೋ ಅಂದರೆ ಒಬ್ಬ ಸೈನಿಕ ಅಲ್ವಾ? ‘ಮಾಡಿತು’ ಹೇಗಾಯಿತು?

ಉತ್ತರ: ಅಲ್ಲಿ ಹೇಳುತ್ತಿರುವುದು ಇಡೀ ದಂಡಿನ ಬಗ್ಗೆ. ಮೊದಲಿಗೆ ಅದು ದಂಡಿನ ಹೆಸರೇ. ಒಬ್ಬ ಸೈನಿಕನಿಗೆ ಅಂಟಿಕೊಂಡಿದ್ದು ಆಮೇಲೆ.

ಪದದ ಬೇರು ಪೋರ್ಚುಗೀಸ್. ಇಂಗ್ಲಿಷಿಗೆ ಬಂದದ್ದು ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಿಂದ. ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರು, ಅಂದರೆ ರೈತರು, ಸ್ವಂತ ಕುದುರೆ ಏರಿ, ಬಂದೂಕು ಹಿಡಿದು ಕಟ್ಟಿಕೊಳ್ಳುತ್ತಿದ್ದ ಪಡೆಗೆ ಕಮಾಂಡೋ ಅನ್ನುತ್ತಿದ್ದರು. ದಂಡೆತ್ತಿ ಹೋಗುವುದಕ್ಕೂ ಅದೇ ಮಾತು. ನಾಯಕರನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ 1774ರಲ್ಲಿ ಹೊರಟ ದೊಡ್ಡ ಕಮಾಂಡೋ ಅಲ್ಲಿನ ಮೂಲನಿವಾಸಿ ಸಾನ್ ಜನರಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ಕೊಂದಿತ್ತು. ಕಮಾಂಡೋ ಸಾಹಸದ ಕಥೆ ಹೇಳುವವರು ಇದನ್ನು ಹೇಳುವುದು ಕಡಿಮೆ.

ಹೊರಗಿನವರಿಗೆ ಈ ಹೆಸರು ಚೆನ್ನಾಗಿ ಪರಿಚಯವಾದದ್ದು 1899ರಿಂದ 1902ರವರೆಗೆ ಬ್ರಿಟಿಷರಿಗೂ ಬೋಯರರಿಗೂ ನಡೆದ ಬೋಯರ್ ಯುದ್ಧದಲ್ಲಿ. 1900ರ ಜೂನ್‌ನಲ್ಲಿ ಬೋಯರರ ರಾಜಧಾನಿಗಳಲ್ಲೊಂದಾದ ಪ್ರಿಟೋರಿಯಾ ಬ್ರಿಟಿಷರ ಕೈಗೆ ಬಿತ್ತು. ಇನ್ನೇನು ಮುಗೀತು ಅಂದುಕೊಂಡರು. ಮುಗಿಯಲಿಲ್ಲ. ಕಮಾಂಡೋಗಳು ರೈಲು ಹಳಿ ಕಿತ್ತು, ಸರಕು ದೋಚಿ, ಬಯಲಲ್ಲಿ ಮಾಯವಾಗುತ್ತಾ ಇನ್ನೂ ಸುಮಾರು ಎರಡು ವರ್ಷ ಕಾಡಿದವು. ಬ್ರಿಟಿಷರು ಹೊಲಮನೆ ಸುಟ್ಟರು. ಹೆಂಗಸರು, ಮಕ್ಕಳನ್ನು ಶಿಬಿರಗಳಿಗೆ ದೂಡಿದರು, ಅಲ್ಲಿ ಸಾವಿರಾರು ಜನ ಸತ್ತರು. ಸೆರೆಸಿಕ್ಕ ಬೋಯರರಲ್ಲಿ ಸಾವಿರಾರು ಮಂದಿಯನ್ನು ಭಾರತಕ್ಕೂ ಸಾಗಿಸಿದರು. ನಮ್ಮ ಬಳ್ಳಾರಿಯಲ್ಲೂ ಅವರ ಸೆರೆಶಿಬಿರವಿತ್ತು.

ಆಮೇಲೆ 1940. ಫ್ರಾನ್ಸಿನ ಡನ್‌ಕರ್ಕ್‌ನಿಂದ ಹಿಮ್ಮೆಟ್ಟಿದ ಬ್ರಿಟನ್, ಜರ್ಮನರ ಹಿಡಿತದಲ್ಲಿದ್ದ ಕರಾವಳಿಗೆ ನುಗ್ಗಿ ಹೊಡೆದು ಓಡಿಬರುವ ಪಡೆಗಳನ್ನು ಕಟ್ಟಿತು. ಈ ಯೋಜನೆ ಮುಂದಿಟ್ಟ ಸೇನಾಧಿಕಾರಿ ಡಡ್ಲಿ ಕ್ಲಾರ್ಕ್ ಹುಟ್ಟಿದ್ದೇ ದಕ್ಷಿಣ ಆಫ್ರಿಕಾದಲ್ಲಿ. ಹಳೇ ಶತ್ರುವಿನ ಪಡೆಯ ಹೆಸರನ್ನೇ ಇವಕ್ಕೂ ಇಟ್ಟರು. ಆಗಿನ ಪ್ರಧಾನಿ ಚರ್ಚಿಲ್ ಕೂಡ 1899ರಲ್ಲಿ ಬೋಯರರ ಕೈಗೆ ಸೆರೆಸಿಕ್ಕು, ತಪ್ಪಿಸಿಕೊಂಡು ಬಂದವರೇ!

ಒಂದೊಂದು ಕಮಾಂಡೋದಲ್ಲಿ ಸುಮಾರು 500 ಜನ. ಹಾಗಾಗಿ ನಂಬರ್ 3 ಕಮಾಂಡೋ ‘ಮಾಡಿತು’ ಸರಿಯೇ. ಯುದ್ಧದ ಸುದ್ದಿ ಹರಡಿದ ಹಾಗೆ ಆ ಪಡೆಯಲ್ಲಿದ್ದವನೂ ಕಮಾಂಡೋ ಆದ. ಬ್ರಿಟನ್ ನೌಕಾಪಡೆಯ ಸೈನಿಕ ದಳವಾದ ರಾಯಲ್ ಮರೀನ್ಸ್‌ನಲ್ಲಿ ಹಳೇ ಅರ್ಥ ಈಗಲೂ ಇದೆ, ‘40 ಕಮಾಂಡೋ’ ಅನ್ನೋದು ಒಂದು ಪಡೆ. ನಮ್ಮಲ್ಲಿ ಮಾತ್ರ ಹೊಸ ಅರ್ಥವೇ ಜಾಸ್ತಿ. 1984ರಲ್ಲಿ ಶುರುವಾದ, ಭಯೋತ್ಪಾದಕರನ್ನು ಎದುರಿಸುವ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ)ಯ ಕಪ್ಪು ಉಡುಪಿನವರನ್ನು ನೋಡಿದರೆ ‘ಬ್ಲ್ಯಾಕ್ ಕ್ಯಾಟ್ ಕಮಾಂಡೋ ಬಂದ’ ಅಂತೀವಿ. ಪಕ್ಕದಲ್ಲಿ ನಂಬರ್ ಇದ್ದರೆ ದಂಡು ಅಂತ ಓದಿಕೊಳ್ಳಿ, ಸಾಮಾನ್ಯವಾಗಿ ತಪ್ಪಾಗುವುದಿಲ್ಲ.

ಇಂಗ್ಲಿಷ್ ಸೀರಿಯಲ್‌ನಲ್ಲಿ ಯಾರಾದರೂ ‘ಗೋಯಿಂಗ್ ಕಮಾಂಡೋ’ ಅಂದು ಎಲ್ಲರೂ ನಕ್ಕರೆ ಮಾತ್ರ ಅಲ್ಲಿ ಸೈನ್ಯ ಹುಡುಕಬೇಡಿ. ಒಳಚಡ್ಡಿ ಹಾಕದೆ ಓಡಾಡುವುದಕ್ಕೆ ಅಲ್ಲಿನವರು ತಮಾಷೆಗೆ ಹೇಳುವ ಮಾತು ಅದು.