ಧ್ರುವಪ್ರಭೆ ಇಮ್ಮಡಿಯಾದರೂ ವಾಹಕತೆ ಇಮ್ಮಡಿಯಾಗದು

ಧ್ರುವಪ್ರಭೆಯಿಲ್ಲದ ಚಳಿಗಾಲದ ರಾತ್ರಿ ನಾರ್ವೆಯ ಟ್ರೊಮ್ಸೊ ಮೇಲಿನ ಅಯಾನುಗೋಳದ, ಅಂದರೆ ವಿದ್ಯುದಾವೇಶದ ಕಣಗಳಿರುವ ಮೇಲ್ಪದರದ, ಒಟ್ಟು ವಾಹಕತೆ (ವಿದ್ಯುತ್ ಹರಿಯಬಿಡುವ ಸಾಮರ್ಥ್ಯ; ಸೀಮೆನ್ಸ್ ಅದರ ಮಾನ) ಸಾಮಾನ್ಯವಾಗಿ 1 ಸೀಮೆನ್ಸ್‌ಗೂ ಕಡಿಮೆ. ಪ್ರಖರವಾದ ಹಸಿರು ಪಟ್ಟಿಯೊಂದು ಹಾದುಬಂದರೆ ಸಾಕು, ಅದು 10–20 ಸೀಮೆನ್ಸ್‌ಗೆ ಏರಿಬಿಡುತ್ತದೆ.

ಏರಿಸುವುದು ಮೇಲಿನಿಂದ ಸುರಿಯುವ ಎಲೆಕ್ಟ್ರಾನ್‌ಗಳು. ಗಾಳಿಯ ಅಣುವೊಂದನ್ನು ಅಯಾನೀಕರಿಸಲು ಸರಾಸರಿ 35 ಎಲೆಕ್ಟ್ರಾನ್‌ವೋಲ್ಟ್ ಖರ್ಚು. ಹಾಗಾಗಿ 10 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಒಂದೇ ಎಲೆಕ್ಟ್ರಾನ್ ನಿಲ್ಲುವ ಮುನ್ನ ಸುಮಾರು 280 ಅಯಾನು-ಎಲೆಕ್ಟ್ರಾನ್ ಜೋಡಿಗಳನ್ನು ಹುಟ್ಟಿಸುತ್ತದೆ. ಎಲ್ಲಿ ಹುಟ್ಟಿಸುತ್ತದೆ ಎನ್ನುವುದೇ ಮುಖ್ಯ. 1 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನದು 150 ಕಿ.ಮೀ. ಆಸುಪಾಸಿನಲ್ಲೇ ಸುಸ್ತಾದರೆ, 10ರದು 110 ಕಿ.ಮೀ.ಗಿಂತ ಸ್ವಲ್ಪ ಕೆಳಕ್ಕೂ ಇಳಿಯುತ್ತದೆ. ಸುಮಾರು 125 ಕಿ.ಮೀ. ಎತ್ತರದಲ್ಲಿ ಅಯಾನುಗಳು ಕಾಂತಕ್ಷೇತ್ರದ ಸುತ್ತ ತಿರುಗುವ ದರವೂ ಗಾಳಿಗೆ ಡಿಕ್ಕಿ ಹೊಡೆಯುವ ದರವೂ ಸರಿಸಮ. ವಿದ್ಯುತ್ ಕ್ಷೇತ್ರದ ದಿಕ್ಕಿನಲ್ಲಿ ಅವುಗಳ ಸರಿತ ಅಲ್ಲೇ ಅತಿ ಹೆಚ್ಚು. ಇದು ಪೆಡರ್ಸನ್ ಪ್ರವಾಹ. ಇನ್ನೂ ಕೆಳಗೆ ಅಯಾನುಗಳು ದಟ್ಟ ಗಾಳಿಯಲ್ಲಿ ಸಿಕ್ಕಿಬೀಳುತ್ತವೆ, ಎಲೆಕ್ಟ್ರಾನ್‌ಗಳು ಮಾತ್ರ ಕ್ಷೇತ್ರಕ್ಕೆ ಅಡ್ಡಲಾಗಿ ಓಡುತ್ತವೆ. ಅದು ಹಾಲ್ ಪ್ರವಾಹ.

ಲೆಕ್ಕಕ್ಕೆ ಇಂದಿಗೂ ಬಳಕೆಯಲ್ಲಿರುವುದು ರಾಬಿನ್ಸನ್ ಮತ್ತು ಸಂಗಡಿಗರ 1987ರ ಸೂತ್ರ. ಎಲೆಕ್ಟ್ರಾನ್‌ಗಳ ಸರಾಸರಿ ಶಕ್ತಿಯನ್ನು (ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ) 40ರಿಂದ ಗುಣಿಸಿ, 16ಕ್ಕೆ ಆ ಶಕ್ತಿಯ ವರ್ಗ ಕೂಡಿಸಿದ ಮೊತ್ತದಿಂದ ಭಾಗಿಸಿ, ಚದರ ಮೀಟರಿಗೆ ಬೀಳುವ ಮಿಲಿವ್ಯಾಟ್‌ಗಳ ವರ್ಗಮೂಲದಿಂದ ಗುಣಿಸಿದರೆ ಪೆಡರ್ಸನ್ ವಾಹಕತೆ ಸಿಗುತ್ತದೆ. 4 ಮಿಲಿವ್ಯಾಟ್ ಇದ್ದಾಗ ಸರಾಸರಿ ಶಕ್ತಿ 4 ಆದರೆ 10 ಸೀಮೆನ್ಸ್. 10 ಆದರೆ ಬರೀ 7. ಹಾಲ್ ವಾಹಕತೆಯದು ತದ್ವಿರುದ್ಧ, ಸುಮಾರು 15ರಿಂದ 22ಕ್ಕೆ ಏರುತ್ತದೆ.

ವರ್ಗಮೂಲ ಏಕೆ? ಹುಟ್ಟಿದ ಅಯಾನುಗಳು ಎಲೆಕ್ಟ್ರಾನ್‌ಗಳೊಡನೆ ಮತ್ತೆ ಕೂಡಿ ನಾಶವಾಗುತ್ತವೆ, ಆ ನಾಶದ ದರ ಸಾಂದ್ರತೆಯ ವರ್ಗಕ್ಕೆ ಅನುಗುಣ. ಸುರಿತ ನಾಲ್ಕು ಪಟ್ಟಾದರೆ ಸಾಂದ್ರತೆ ಎರಡೇ ಪಟ್ಟು.

ಮೋಸ ಹೋಗುವುದೂ ಇಲ್ಲಿಯೇ. ಅರ್ಧ ಪ್ರದೇಶಕ್ಕೆ 16 ಮಿಲಿವ್ಯಾಟ್, ಉಳಿದರ್ಧಕ್ಕೆ ಸೊನ್ನೆ ಎಂದುಕೊಳ್ಳಿ. ಮೊದಲು ಸರಾಸರಿ ತೆಗೆದು ವರ್ಗಮೂಲ ಹಾಕಿದರೆ 2.8; ಮೊದಲು ವರ್ಗಮೂಲ, ಆಮೇಲೆ ಸರಾಸರಿ ಎಂದರೆ 2. ಆಕಾಶವನ್ನು ದೊಡ್ಡ ದೊಡ್ಡ ಚೌಕಗಳಾಗಿ ಹಂಚಿ ಸರಾಸರಿ ತೆಗೆಯುವ ಒರಟು ಜಾಲದ ಗಣಕ ಮಾದರಿ ವಾಹಕತೆಯನ್ನು ಶೇ. 40ರಷ್ಟು ಉಬ್ಬಿಸಿತು! ಇನ್ನು, ಅಮೆರಿಕದ ಸೇನೆಯ ಹವಾಮಾನ ಉಪಗ್ರಹಗಳಾದ ಡಿಎಂಎಸ್‌ಪಿಗಳ ಕಣ ಅಳೆಯುವ ಉಪಕರಣ 30 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ಗೆ ನಿಲ್ಲುತ್ತದೆ. ಅದಕ್ಕೂ ಮೇಲಿನವು ಕೆಳಗೆ ಹುಟ್ಟಿಸುವ ಅಯಾನುಗಳು ಲೆಕ್ಕಕ್ಕೇ ಬರುವುದಿಲ್ಲ.

ಈ ಪ್ರವಾಹ ಗಾಳಿಯನ್ನು ಕಾಯಿಸುವ ಶಾಖದ ಅಂದಾಜಿಗೂ ವಾಹಕತೆಯೊಂದೇ ಸಾಲದು, ಪೆಡರ್ಸನ್ ವಾಹಕತೆಯನ್ನು ವಿದ್ಯುತ್ ಕ್ಷೇತ್ರದ ವರ್ಗದಿಂದ ಗುಣಿಸಬೇಕು. ಹೊಳೆಯುವ ಪಟ್ಟಿಯೊಳಗೆ ಕ್ಷೇತ್ರ ಹಲವು ವೇಳೆ ಕುಗ್ಗಿರುತ್ತದೆ. ಗಾಳಿ ಹೆಚ್ಚು ಕಾಯುವುದು ಪಟ್ಟಿಯ ಪಕ್ಕದ ಕತ್ತಲಲ್ಲೂ ಇರಬಹುದು.