ಹಾಡು ಯಾರದು, ರೆಕಾರ್ಡಿಂಗ್ ಯಾರದು?

"ಟ್ರ್ಯಾಕ್ ಇದೆ ಸರ್, ವಾಯ್ಸ್ ಒಂದು ಹಾಕಿಬಿಟ್ರೆ ಆಯ್ತು."

ನಮ್ಮ ಸ್ಟುಡಿಯೋಗೆ ಬರುವ ಹುಡುಗರು ಸಾಮಾನ್ಯವಾಗಿ ಮಾತು ಶುರು ಮಾಡುವುದೇ ಹೀಗೆ. ಹೋದ ತಿಂಗಳು ಬಂದವನು ಎಂಜಿನಿಯರಿಂಗ್ ಕೊನೆ ವರ್ಷದವನು. ಹೆಗಲಿಗೆ ಗಿಟಾರ್, ಕೈಯಲ್ಲಿ ಪೆನ್ ಡ್ರೈವ್. ಹಾಡಬೇಕಿದ್ದದ್ದು ಅಮೆರಿಕದ ದಿ ಪೋಸ್ಟಲ್ ಸರ್ವಿಸ್ ಬ್ಯಾಂಡಿನ 'ಸಚ್ ಗ್ರೇಟ್ ಹೈಟ್ಸ್'. 2003ರ ಹಾಡು, ಅಂದರೆ ಇವನು ಹುಟ್ಟುವ ಮೊದಲೇ ಬಂದದ್ದು. ಇಂಡೀ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದ ಬ್ಯಾಂಡುಗಳ ಸಂಗೀತ) ಕೇಳುವವರ ಮನೆಯಲ್ಲಿ ಇವತ್ತಿಗೂ ಓಡುತ್ತಿರುತ್ತದೆ.

ಪೆನ್ ಡ್ರೈವ್ ಹಾಕಿ ಕೇಳಿದೆ. ಮೂಲ ಬ್ಯಾಂಡಿನದೇ ವಾದ್ಯಗಳು. ದನಿ ಇರಬೇಕಾದ ಜಾಗದಲ್ಲಿ ನೀರೊಳಗಿಂದ ಬಂದ ಹಾಗೆ ಒಂದು ಗೊಗ್ಗರು ಸದ್ದು. ಯಾವುದೋ ಆ್ಯಪ್ ಹಾಕಿ ಗಾಯಕನ ದನಿ ಅಳಿಸಿಕೊಂಡು ಬಂದಿದ್ದಾನೆ.

"ಇದು ಕವರ್ ಅಲ್ಲ ಕಣೋ," ಅಂದೆ. ಬೇರೆಯವರ ಹಾಡನ್ನು ನಾವು ಹೊಸದಾಗಿ ಹಾಡಿ, ಬಾರಿಸಿ ಮಾಡುವುದಕ್ಕೆ ಕವರ್ ಅನ್ನುತ್ತೇವೆ.

"ನಾನೇ ಹಾಡ್ತೀನಲ್ಲ ಸರ್?"

"ಹಾಡೋದು ನೀನೇ. ಬಾರಿಸಿರೋದು ಯಾರು?"

ಹುಡುಗ ಸುಮ್ಮನಾದ. ಈ ಒಂದು ಪ್ರಶ್ನೆಯ ಸುತ್ತಲೇ ನನ್ನ ಕೆಲಸದ ಅರ್ಧ ತಲೆನೋವು ಇದೆ. ಅದಕ್ಕೇ ಈ ಸಲದ ಅಂಕಣ.

ನಾವು 'ಹಾಡು' ಅನ್ನುವುದರೊಳಗೆ ಎರಡು ಆಸ್ತಿ ಇವೆ. ಒಂದು, ಸಾಹಿತ್ಯ ಮತ್ತು ರಾಗ ಸಂಯೋಜನೆ. ಇದಕ್ಕೆ ಸದ್ದೇ ಬೇಕಿಲ್ಲ, ಕಾಗದದ ಮೇಲೆ ಇದ್ದರೂ ಅದು ಹಾಡೇ. ಇನ್ನೊಂದು, ಯಾರೋ ಒಂದು ದಿನ ಒಂದು ಕೋಣೆಯಲ್ಲಿ ಕೂತು ಅದನ್ನು ಹಾಡಿ, ಬಾರಿಸಿ, ಹಿಡಿದಿಟ್ಟ ರೆಕಾರ್ಡಿಂಗ್. ನಮ್ಮ ಕಡೆ ಇದನ್ನು 'ಮಾಸ್ಟರ್' ಅನ್ನುತ್ತೇವೆ. ನಿಮ್ಮ ಮಗಳು ರಾಜ್ಯೋತ್ಸವದ ದಿನ ಶಾಲೆಯಲ್ಲಿ 'ನಿತ್ಯೋತ್ಸವ' ಹಾಡಿದಳು, ನೀವು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿರಿ ಅನ್ನಿ. ಆ ರೆಕಾರ್ಡಿಂಗ್ ನಿಮ್ಮದು. ಹಾಡು ನಿಮ್ಮದಲ್ಲ. ಸಾಹಿತ್ಯ ನಿಸಾರ್ ಅಹಮದ್ ಅವರದು, ರಾಗ ಮೈಸೂರು ಅನಂತಸ್ವಾಮಿ ಅವರದು.

ಕವರ್ ಮಾಡುವುದು ಅಂದರೆ ಎರಡನೆಯದನ್ನು ಮುಟ್ಟದೆ, ಮೊದಲನೆಯದನ್ನು ಮಾತ್ರ ತೆಗೆದುಕೊಂಡು ಹೊಸದಾಗಿ ಕಟ್ಟುವುದು. ಬೇರೆಯವರ ಟ್ರ್ಯಾಕ್ ಮೇಲೆ ಹಾಡಿದರೆ ಅದು ಕರೋಕೆ. ಮನೆಯಲ್ಲಿ, ಮದುವೆಯಲ್ಲಿ ಹಾಡಿ, ಯಾರೂ ಏನೂ ಅನ್ನುವುದಿಲ್ಲ. ನಿಮ್ಮ ಹೆಸರಿನಲ್ಲಿ ಬಿಡುಗಡೆ ಮಾಡಲು ಹೊರಟಾಗ ಮಾತ್ರ ಮಾಸ್ಟರ್ ಇಟ್ಟುಕೊಂಡವರ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆ ಪಡೆದು ಮಾಡಿದವರೂ ಇದ್ದಾರೆ. 2016ರ 'ಆ್ಯಂಟಿ' ಆಲ್ಬಮ್ಮಿನಲ್ಲಿ ಪಾಪ್ ಗಾಯಕಿ ರಿಯಾನಾ, ಟೇಮ್ ಇಂಪಾಲಾ ಬ್ಯಾಂಡಿನ ಹಾಡೊಂದನ್ನು ಹೆಚ್ಚೂಕಡಿಮೆ ಅದೇ ವಾದ್ಯಸಂಗೀತದ ಮೇಲೆ ಹಾಡಿದ್ದಾರೆ. ಆದರೆ ಅವರು ರಿಯಾನಾ. ನಮ್ಮ ಹುಡುಗ ಪೆನ್ ಡ್ರೈವ್ ಹಿಡಿದು ಬಂದವನು.

ಅವನಿಗೆ ಕಾಫಿ ತರಿಸಿ ಎರಡು ರೆಕಾರ್ಡಿಂಗ್ ಕೇಳಿಸಿದೆ. ಮೊದಲು ಮೂಲ. ಶುರುವಿಗೇ ಎಲೆಕ್ಟ್ರಾನಿಕ್ ಬೀಪ್‌ಗಳು ಎಡಗಿವಿಯಿಂದ ಬಲಗಿವಿಗೆ ಕುಣಿಯುತ್ತವೆ, ಹಿಂದೆಯೇ ಡ್ರಮ್ ಮಷೀನು ಓಡೋಡಿ ಬರುತ್ತದೆ. ಜಿಮ್ಮಿ ಟಾಂಬೊರೆಲೊ ಲಾಸ್ ಏಂಜಲೀಸಿನಲ್ಲಿ ವಾದ್ಯದ ಭಾಗ ಮಾಡಿ ಟೇಪನ್ನು ಅಂಚೆಗೆ ಹಾಕುತ್ತಿದ್ದ. ಬೆನ್ ಗಿಬ್ಬರ್ಡ್ ಸಿಯಾಟಲಿನಲ್ಲಿ ಅದಕ್ಕೆ ಮಾತು, ದನಿ ಸೇರಿಸಿ ವಾಪಸ್ ಕಳಿಸುತ್ತಿದ್ದ. ಬ್ಯಾಂಡಿನ ಹೆಸರು ಹುಟ್ಟಿದ್ದು ಹಾಗೆ. (ಹೆಸರು ನಮ್ಮದು ಅಂತ ಅಮೆರಿಕದ ಅಂಚೆ ಇಲಾಖೆ ನೋಟಿಸ್ ಕಳಿಸಿತ್ತು. ಆಮೇಲೆ ರಾಜಿಯಾಗಿ, ಇಲಾಖೆಯೇ ಅವರ ಸಿ.ಡಿ. ಮಾರಿತು.)

ಆಮೇಲೆ ಐರನ್ ಅಂಡ್ ವೈನ್ ಹೆಸರಿನಲ್ಲಿ ಹಾಡುವ ಸ್ಯಾಮ್ ಬೀಮ್ ಮಾಡಿದ ಕವರ್. ಬೀಪ್ ಇಲ್ಲ, ಡ್ರಮ್ ಇಲ್ಲ. ಒಂದು ಗಿಟಾರು, ಪಕ್ಕದಲ್ಲಿ ಮಲಗಿರುವ ಮಗುವಿಗೆ ಎಚ್ಚರ ಆಗಬಾರದು ಅನ್ನುವ ಹಾಗೆ ಪಿಸುಗುಟ್ಟುವ ದನಿ. ಓಟ ನಿಂತು ಹಾಡು ನಡೆಯಲು ಶುರು ಮಾಡುತ್ತದೆ. ಅವೇ ಮಾತು, ಅದೇ ರಾಗ. ಆದರೆ ಮೂಲದಲ್ಲಿ ಸಂಭ್ರಮದ ಹಾಗೆ ಕೇಳುವ ಸಾಲು ಇಲ್ಲಿ ಯಾರನ್ನೋ ಬಿಟ್ಟು ದೂರ ಹೋದವನ ಸಾಲಾಗುತ್ತದೆ. ಸಿಯಾಟಲಿನ ಸಬ್ ಪಾಪ್ ರೆಕಾರ್ಡ್ ಕಂಪನಿ ಮೂಲ ಹಾಡಿನ ಸಿಂಗಲ್ (ಒಂದು ಹಾಡನ್ನು ಮುಂದಿಟ್ಟು ತರುವ) ಸಿ.ಡಿ.ಯಲ್ಲೇ ಈ ಕವರನ್ನೂ ಸೇರಿಸಿ ತಂದಿತು. 2004ರ 'ಗಾರ್ಡನ್ ಸ್ಟೇಟ್' ಸಿನಿಮಾಕ್ಕೆ ಹೋದದ್ದು ಈ ಪಿಸುಮಾತಿನದೇ. ಮೊದಲು ಇದನ್ನು ಕೇಳಿ, ಇದೇ ಮೂಲ ಅಂತ ನಂಬಿ, ಆಮೇಲೆ ಬೀಪ್ ಕೇಳಿ ಬೇಜಾರಾದವರು ನನಗೇ ಗೊತ್ತು.

"ಈಗ ನೀನು ಹಾಡು," ಅಂದೆ. ಟ್ರ್ಯಾಕ್ ಇಲ್ಲ, ಗಿಟಾರೂ ಇಲ್ಲ. ಫೋನಿನ ತಂಬೂರಿ ಆ್ಯಪ್ ಹಾಕಿ ಬರೀ ಶ್ರುತಿ ಕೊಟ್ಟೆ.

ಯಾರೇ ಕವರ್ ಮಾಡಲು ಬಂದರೂ ನಾನು ಮಾಡುವ ಮೊದಲ ಪರೀಕ್ಷೆ ಇದು. ಹುಡುಗನಿಗೆ ಪಲ್ಲವಿ ಮುಗಿಯುವುದರೊಳಗೆ ತಾಳ ತಪ್ಪಿತು. ಇಷ್ಟು ದಿನ ಅವನನ್ನು ಎತ್ತಿ ಹಿಡಿದಿದ್ದದ್ದು ಆ ಬೀಪ್‌ಗಳು. ರಾಗ ಅವನ ಬಾಯಿಗೆ ಬಂದೇ ಇರಲಿಲ್ಲ. ಶ್ರುತಿಯೂ ಅವನದಲ್ಲ, ಗಿಬ್ಬರ್ಡನದು. ಮೇಲಿನ ಸ್ವರಕ್ಕೆ ಕತ್ತು ಚಾಚುತ್ತಿದ್ದ. ಶ್ರುತಿಯನ್ನು ಎರಡು ಮನೆ ಇಳಿಸಿದೆವು, ಸಾಲಲಿಲ್ಲ. ಇನ್ನೂ ಒಂದು ಇಳಿಸಿದ ಮೇಲೆ ದನಿಗೆ ಮೈ ಬಂತು. ಮೂಲದ ಸ್ಕೇಲಿನಲ್ಲೇ ಹಾಡಬೇಕು ಅನ್ನುವ ಹಟ ನಮ್ಮ ಹುಡುಗರಿಗೆ ಯಾಕೋ ಜಾಸ್ತಿ. ಯಾವ ಕಾನೂನೂ ಹಾಗೆ ಹೇಳುವುದಿಲ್ಲ.

"ಮನೆಗೆ ಹೋಗಿ ಗಿಟಾರಿನಲ್ಲಿ ಕಟ್ಟಿಕೊಂಡು ಬಾ. ಮೂಲದಿಂದ ಒಂದೇ ಒಂದು ವಸ್ತು ಉಳಿಸ್ಕೋ, ಮಿಕ್ಕಿದ್ದೆಲ್ಲ ಬಿಡು," ಅಂತ ಕಳಿಸಿದೆ.

ಒಂದೇ ವಸ್ತು ಅಂದದ್ದು ಸುಮ್ನೆ ಅಲ್ಲ. ನಿರ್ವಾಣ ಬ್ಯಾಂಡಿನ ಮೊಟ್ಟಮೊದಲ ಸಿಂಗಲ್ ನೋಡಿ. 1988ರ ನವೆಂಬರಿನಲ್ಲಿ ಇದೇ ಸಬ್ ಪಾಪ್ ತಂದದ್ದು, 1000 ಪ್ರತಿ, ಒಂದೊಂದರ ಮೇಲೂ ಕೈಯಲ್ಲಿ ಬರೆದ ನಂಬರ್. ಮುಂದೆ ಜಗತ್ತನ್ನೇ ಅಲ್ಲಾಡಿಸಿದ ಬ್ಯಾಂಡು ಹೊರಗೆ ಕಾಲಿಟ್ಟದ್ದು ಬೇರೆಯವರ ಹಾಡು ಹಿಡಿದುಕೊಂಡು. 'ಲವ್ ಬಝ್' ಹಾಲೆಂಡಿನ ಶಾಕಿಂಗ್ ಬ್ಲೂ ಬ್ಯಾಂಡಿನದು, 1969ರದು, ಬರೆದವರು ರಾಬಿ ವಾನ್ ಲೇವೆನ್. ಮೂಲದಲ್ಲಿ ಸಿತಾರ್ ಇದೆ! ನಿರ್ವಾಣ ಸಿತಾರ್ ಬಿಟ್ಟಿತು, ಸುತ್ತಿ ಸುತ್ತಿ ಬರುವ ಆ ಬೇಸ್ ಗಿಟಾರಿನ ಎಳೆಯನ್ನು ಉಳಿಸಿಕೊಂಡಿತು. ಅದರ ಮೇಲೆ ತಮ್ಮ ಗಲಾಟೆ ಸುರಿದರು.

ಇದೇ ಬ್ಯಾಂಡು 1993ರ ನವೆಂಬರಿನಲ್ಲಿ ಎಂಟಿವಿ ಅನ್‌ಪ್ಲಗ್ಡ್ ಅನ್ನುವ ಟಿ.ವಿ. ಕಾರ್ಯಕ್ರಮಕ್ಕೆ ಕೂತಾಗ ತಮ್ಮ ಹೆಚ್ಚಿನ ಹಿಟ್‌ಗಳನ್ನು ಪಕ್ಕಕ್ಕಿಟ್ಟು ಆರು ಕವರ್ ಹಾಡಿದರು. ಅದರಲ್ಲೊಂದು ಗ್ಲಾಸ್ಗೋದ ದಿ ವ್ಯಾಸಲೀನ್ಸ್ ಬ್ಯಾಂಡಿನದು. ಊರಾಚೆ ಹೆಚ್ಚು ಜನ ಕೇಳದ ಚಿಕ್ಕ ಬ್ಯಾಂಡು ಅದು, ಬೇಗ ಮುಚ್ಚಿಹೋಗಿತ್ತು. ಅನ್‌ಪ್ಲಗ್ಡ್ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಪ್ರತಿ ಪ್ರತಿಯಲ್ಲೂ ಯೂಜೀನ್ ಕೆಲ್ಲಿ ಮತ್ತು ಫ್ರಾನ್ಸಿಸ್ ಮಕೀ ಅವರಿಗೆ, ಹಾಡು ಬರೆದವರಾಗಿ, ಒಂದು ಪಾಲು. ಅವರು ಅವತ್ತು ನ್ಯೂಯಾರ್ಕಿನ ಆ ವೇದಿಕೆಯಲ್ಲಿ ಒಂದು ತಂತಿಯನ್ನೂ ಮೀಟಿರಲಿಲ್ಲ. ಅದೇ ನೀವು ನಿಮಗಿಷ್ಟವಾದ ಇಂಡೀ ಹಾಡನ್ನು ಎಂಪಿ3 ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಆ ಬ್ಯಾಂಡಿಗೆ ಒಂದು ಕಾಸೂ ಹೋಗುವುದಿಲ್ಲ. ಫೈಲ್ ಬೇಡ, ಲಿಂಕ್ ಹಂಚಿ. ಬ್ಯಾಂಡುಗಳು ತಾವೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪಿನಂಥ ಜಾಲತಾಣದಲ್ಲಿ ಡಿಜಿಟಲ್ ಮಾರಾಟದಲ್ಲಿ ಕಂಪನಿ ಹಿಡಿದುಕೊಳ್ಳುವುದು ಸುಮಾರು ಶೇ 15, ಮಿಕ್ಕಿದ್ದರಲ್ಲಿ ಹೆಚ್ಚಿನದು ಬ್ಯಾಂಡಿನ ಕೈಗೇ ಹೋಗುತ್ತದೆ.

ಎರಡು ಆಸ್ತಿಗಳು ಡಿಕ್ಕಿ ಹೊಡೆದ ತಮಾಷೆಯ ಪ್ರಸಂಗ ಒಂದಿದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತ ಉತ್ಸವದಲ್ಲಿ ಗಾಯಕ ಪ್ರಿನ್ಸ್, ರೇಡಿಯೋಹೆಡ್ ಬ್ಯಾಂಡಿನ 'ಕ್ರೀಪ್' ಹಾಡಿದ. ಜನ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರು. ಪ್ರಿನ್ಸ್ ಕಡೆಯವರು ಎಲ್ಲವನ್ನೂ ತೆಗೆಸಿದರು. ಸುದ್ದಿ ರೇಡಿಯೋಹೆಡ್‌ನ ಗಾಯಕ ಥಾಮ್ ಯಾರ್ಕ್ ಕಿವಿಗೆ ಬಿತ್ತು. ಅದು ನಮ್ಮ ಹಾಡು, ತಡೆ ತೆಗೆಯೋಕೆ ಹೇಳಿ ಅನ್ನುವ ಅರ್ಥದಲ್ಲಿ ಅವನು ನಕ್ಕು ಹೇಳಿದ. ಹಾಡು ಒಬ್ಬರದು, ಹಾಡಿದ್ದು ಇನ್ನೊಬ್ಬರದು. ಇಬ್ಬರ ಮಾತಿನಲ್ಲೂ ಹುರುಳಿದೆ, ಅಲ್ವಾ?

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಮೂಲದವರ ಅನುಮತಿ ಇಲ್ಲದೆ ಕವರ್ ಮಾಡಬಹುದಾ? ಅಮೆರಿಕದಲ್ಲಿ ಆಡಿಯೋ ಮಟ್ಟಿಗೆ, ಮಾಡಬಹುದು. ಇದರ ಕಥೆ ನೂರು ವರ್ಷಕ್ಕೂ ಹಳೆಯದು. ಆಗ ತೂತು ಕೊರೆದ ಕಾಗದದ ಸುರುಳಿ ಹಾಕಿದರೆ ತಾನೇ ನುಡಿಯುವ ಪಿಯಾನೋಗಳಿದ್ದವು. ಸುರುಳಿ ಮಾಡುವ ಕಂಪನಿಗಳು ಸಂಗೀತಗಾರರಿಗೆ ದುಡ್ಡು ಕೊಡುತ್ತಿರಲಿಲ್ಲ. ಸುರುಳಿ ಅನ್ನುವುದು ಹಾಡಿನ ಪ್ರತಿಯೇ ಅಲ್ಲ ಅಂತ 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಹೇಳಿಬಿಟ್ಟಿತು. 1909ರಲ್ಲಿ ಕಾನೂನು ಬದಲಾಯಿಸಿ ಹಕ್ಕು ಕೊಡಲು ಹೊರಟಾಗ ಇನ್ನೊಂದು ಭಯ ಹುಟ್ಟಿತು. ಏಯೋಲಿಯನ್ ಅನ್ನುವ ಒಂದೇ ಕಂಪನಿ ಪ್ರಕಾಶಕರ ಜೊತೆ ಒಪ್ಪಂದ ಮಾಡಿಕೊಂಡು ಹಾಡುಗಳನ್ನೆಲ್ಲ ಬಾಚಿಕೊಂಡುಬಿಟ್ಟರೆ? ಅದಕ್ಕೆ ಒಂದು ದಾರಿ ಹುಡುಕಿದರು. ಹಾಡು ಒಮ್ಮೆ ಹೊರಬಂದ ಮೇಲೆ ಯಾರು ಬೇಕಾದರೂ ಮತ್ತೆ ಮಾಡಬಹುದು, ಗೊತ್ತುಪಡಿಸಿದ ದರ ಕೊಟ್ಟರೆ ಸಾಕು. ದರ ಪ್ರತಿಗೆ 2 ಸೆಂಟ್. 1978ರ ತನಕ ಅದೇ 2 ಸೆಂಟ್! 2023ಕ್ಕೆ 12 ಸೆಂಟ್ ಆಯಿತು. ಇಂಡೀ ಬ್ಯಾಂಡುಗಳು ಒಂದರ ಹಾಡನ್ನು ಇನ್ನೊಂದು ಸಲೀಸಾಗಿ ಹಾಡಿಕೊಂಡು ಬಂದದ್ದಕ್ಕೆ ಸ್ನೇಹ ಎಷ್ಟು ಕಾರಣವೋ ಈ ಕಾಗದದ ಸುರುಳಿಯೂ ಅಷ್ಟೇ ಕಾರಣ. ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು, ಮೂಲ ರಾಗ ಮತ್ತು ಹಾಡಿನ ಸ್ವಭಾವ ಕೆಡಿಸುವ ಹಾಗಿಲ್ಲ. ವಿಡಿಯೋಗೆ ಮಾತ್ರ ಈ ಸೌಲಭ್ಯ ಇಲ್ಲ, ಅದಕ್ಕೆ ಬೇರೆ ಒಪ್ಪಿಗೆ ಬೇಕು.

ನಮ್ಮಲ್ಲಿ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 31ಸಿ ಕಲಂ ಇದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದ ಮೇಲೆ ಮಾತ್ರ ಕವರ್ ಮಾಡಬಹುದು. 2012ಕ್ಕೆ ಮುಂಚೆ ಎರಡೇ ವರ್ಷ ಇತ್ತು. ಹಕ್ಕುದಾರರಿಗೆ ಮೊದಲೇ ನೋಟಿಸ್ ಕೊಡಬೇಕು, ರಾಯಲ್ಟಿ ಮುಂಗಡ ಕಟ್ಟಬೇಕು, ಇದು ಕವರ್ ಅಂತ ಹೊದಿಕೆಯ ಮೇಲೆ ಬರೆಯಬೇಕು, ಮೂಲ ಗಾಯಕರ ಹೆಸರು, ಫೋಟೋ ಹಾಕಿ ಜನರನ್ನು ಮರುಳು ಮಾಡುವ ಹಾಗಿಲ್ಲ. ಎಲ್ಲ ಸರಿ. ಆದರೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು ಅಂತ ಇದೆಯಲ್ಲ, ಅಲ್ಲಿ ಚಿಕ್ಕ ಬ್ಯಾಂಡಿನ ಕಥೆ ಮುಗಿಯಿತು. ಕಡಿಮೆ ಜನ ಕೇಳುವ ಭಾಷೆಯ ಹಾಡುಗಳಿಗೆ ಈ ಮಿತಿ ಇಳಿಸಬಹುದು ಅಂತಲೂ ಕಲಮಿನಲ್ಲೇ ಇದೆ. ಆದರೂ ಇದು ಕ್ಯಾಸೆಟ್ ಕಂಪನಿಗಳನ್ನು ತಲೆಯಲ್ಲಿಟ್ಟುಕೊಂಡು ಬರೆದ ಕಾನೂನು ಅನ್ನುವುದು ನನ್ನ ಅನಿಸಿಕೆ. ಹಾಗಾಗಿ ನಮ್ಮ ಹುಡುಗರು ಹಿಡಿಯುವ ದಾರಿ ಯೂಟ್ಯೂಬ್. ಅಲ್ಲಿ ಯಂತ್ರ ರಾಗವನ್ನು ಗುರುತು ಹಿಡಿದು 'ಕ್ಲೇಮ್' ಹಾಕುತ್ತದೆ, ಜಾಹೀರಾತಿನ ದುಡ್ಡು ಹಾಡು ಬರೆದವರ ಕಡೆಗೆ ಹೋಗುತ್ತದೆ, ನಿಮ್ಮ ವಿಡಿಯೋ ಸಾಮಾನ್ಯವಾಗಿ ಉಳಿಯುತ್ತದೆ. ಕ್ಲೇಮ್ ನೋಡಿ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಬೇಡಿ. ಹೆದರಬೇಕಾದದ್ದು 'ಸ್ಟ್ರೈಕ್'ಗೆ, ಅಂದರೆ ಹಕ್ಕುದಾರರ ದೂರಿನ ಮೇಲೆ ವಿಡಿಯೋ ತೆಗೆದು ಯೂಟ್ಯೂಬ್ ಕೊಡುವ ಎಚ್ಚರಿಕೆಗೆ. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಬೇರೆಯವರ ಟ್ರ್ಯಾಕ್ ಬಳಸಿದವರಿಗೆ ಈ ಅಪಾಯ ಹೆಚ್ಚು.

ಬೆಂಗಳೂರಿನ ಬ್ಯಾಂಡುಗಳು ಪದೇ ಪದೇ ಎಡವುವ ಇನ್ನೊಂದು ಜಾಗ ಇದೆ. "ಷರೀಫರ ಪದ ಸರ್, ಜನಪದ, ಫ್ರೀ." ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ, ಮಾತಿಗೆ ಈಗ ಹಕ್ಕಿನ ತಂಟೆ ಇಲ್ಲ, ನಿಜ. ಆದರೆ ನಿಮ್ಮ ಕಿವಿಯಲ್ಲಿ ಕೂತಿರುವ ರಾಗ ಸಿ. ಅಶ್ವತ್ಥ್ ಅವರದಾಗಿದ್ದರೆ? ಅವರು ಹೋದದ್ದು 2009ರಲ್ಲಿ. ಕಾಯ್ದೆ ಪ್ರಕಾರ ಅಲ್ಲಿಂದ ಇನ್ನೂ 60 ವರ್ಷ ಆ ಸಂಯೋಜನೆಗೆ ಹಕ್ಕಿದೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ 'ಗುಡುಗುಡಿಯ ಸೇದಿ ನೋಡೋ' ಪದವನ್ನು ತಮ್ಮ ಬ್ಯಾಂಡಿನ ರೀತಿಯಲ್ಲಿ ಕಟ್ಟಿದ್ದನ್ನು ಕೇಳಿ. ಹಳೆಯ ಮಾತಿಗೆ ಹೊಸ ಮೈ ಕೊಡುವುದು ಹೇಗೆ ಅಂತ ಗೊತ್ತಾಗುತ್ತದೆ.

ಹುಡುಗ ಎರಡು ವಾರ ಬಿಟ್ಟು ಬಂದ. ಬೀಪ್‌ಗಳ ಓಟವನ್ನು ಗಿಟಾರಿನ ಎರಡೇ ತಂತಿಯ ಮೇಲೆ ತಂದಿದ್ದ. ಅವನು ಉಳಿಸಿಕೊಂಡ ಒಂದು ವಸ್ತು ಅದು. ಮಿಕ್ಕಿದ್ದು ಅವನದೇ, ಅಲ್ಲಲ್ಲಿ ಸ್ವಲ್ಪ ಒರಟು. ಏಳನೇ ಟೇಕ್ ಇಟ್ಟುಕೊಂಡೆವು. ಎರಡನೇ ಚರಣದಲ್ಲಿ ಹೊರಗೆ ಗಾಡಿಯೊಂದರ ಹಾರ್ನ್ ಸಣ್ಣಗೆ ಕೇಳುತ್ತದೆ. ತೆಗೆಯುವುದು ಬೇಡ ಅಂದ.

ಅಪ್‌ಲೋಡ್ ಮಾಡುವಾಗ ಫಾರ್ಮಿನಲ್ಲಿ 'ಹಾಡು ಬರೆದವರು' ಅನ್ನುವ ಖಾನೆಯಲ್ಲಿ ತನ್ನ ಹೆಸರು ಟೈಪ್ ಮಾಡಿದ. ನಾನು ಏನೂ ಹೇಳದೆ ಪರದೆಯನ್ನೇ ನೋಡುತ್ತಿದ್ದೆ.

"ಸುಗಮ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೀಯಾ ಯಾವತ್ತಾದ್ರೂ?"

"ಅಜ್ಜಿ ಕರ್ಕೊಂಡ್ ಹೋಗ್ತಿದ್ರು ಸರ್."

"ಹಾಡೋಕೆ ಮುಂಚೆ ಏನು ಹೇಳ್ತಾರೆ?"

ಸ್ವಲ್ಪ ಯೋಚಿಸಿದ. "ಸಾಹಿತ್ಯ ಇಂಥವರದು, ರಾಗ ಸಂಯೋಜನೆ ಇಂಥವರದು ಅಂತ..." ಅಂದವನು ಅರ್ಧಕ್ಕೇ ನಿಲ್ಲಿಸಿ ಅಳಿಸುವ ಕೀ ಒತ್ತಿ ಹಿಡಿದ. ಆಮೇಲೆ ಗಿಬ್ಬರ್ಡ್ ಹೆಸರಿನ ಸ್ಪೆಲಿಂಗ್ ಕೇಳಿದ.