“ಮಳೆ ಜಾಸ್ತಿ ಆಯ್ತು” ಅಂದರೆ ಗಣಿ ಕಂಪನಿ ಪಾರಾಗುತ್ತದೆಯೇ?

ಪ್ರಶ್ನೆ: ನಮ್ಮ ಹೊಲದ ಮೇಲ್ಗಡೆ ಗಣಿ ಇದೆ. ದೊಡ್ಡ ಮಳೆ ಬಂದಾಗ ಅಲ್ಲಿನ ಕೆಂಪು ರಾಡಿ ಹಳ್ಳಕ್ಕೆ ಇಳಿದು, ಒಡ್ಡು ಒಡೆದು ಹೊಲಕ್ಕೆ ನುಗ್ಗಿತು. ಮಾಲಿನ್ಯ ನಿಯಂತ್ರಣ ಮಂಡಳಿ ನೋಟಿಸ್ ಕೊಟ್ಟಿದೆ. ಕಂಪನಿಯವರು ‘ಮಳೆ ನಮ್ಮ ಕೈಯಲ್ಲಿಲ್ಲ, ನಮ್ಮ ತಪ್ಪೇನೂ ಇಲ್ಲ’ ಎನ್ನುತ್ತಾರೆ. ಈ ವಾದ ನಿಲ್ಲುತ್ತದೆಯೇ?
– ಮುಂಡರಗಿ ತಾಲ್ಲೂಕಿನ ಓದುಗರು

ಉತ್ತರ: ಆ ವಾದವೊಂದನ್ನೇ ನೆಚ್ಚಿಕೊಂಡರೆ ಕಂಪನಿ ಗೆಲ್ಲುವುದು ಕಷ್ಟ. ಗಣಿಗೆ ಅನುಮತಿ ಕೊಡುವಾಗಲೇ ದೊಡ್ಡ ಮಳೆಯ ಲೆಕ್ಕ ಹಾಕಿರುತ್ತಾರೆ.

ಕೇಂದ್ರ ಪರಿಸರ ಸಚಿವಾಲಯದ ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಗಣಿ ಮತ್ತು ಮಣ್ಣಿನ ಡಂಪ್ ಸುತ್ತ ಕಾಲುವೆ ತೋಡಬೇಕು. ಇದನ್ನು ಗಾರ್ಲ್ಯಾಂಡ್ ಡ್ರೈನ್ ಎನ್ನುತ್ತಾರೆ. ಆ ನೀರು ನಿಂತು ಹೂಳು ತಳ ಸೇರಲು ಹೊಂಡಗಳಿರಬೇಕು. ಹೊಂಡದ ಅಳತೆ ಎಷ್ಟು? 50 ವರ್ಷಗಳ ಮಳೆ ದಾಖಲೆ ನೋಡಿ, ಒಮ್ಮೆಲೇ ಸುರಿದ ಅತಿ ಹೆಚ್ಚು ಮಳೆಯನ್ನು ಹಿಡಿದು, ಅದರ ಮೇಲೆ ಇನ್ನೂ ಶೇ 50ರಷ್ಟು ಜಾಗ ಬಿಡಬೇಕು. ಹೂಳನ್ನು ಆಗಾಗ ತೆಗೆಸುತ್ತಲೂ ಇರಬೇಕು.

ಹಾಗಾಗಿ ಕೇಳಬೇಕಾದ್ದು ಎಷ್ಟು ಮಳೆ ಆಯಿತು ಅಂತ ಮಾತ್ರ ಅಲ್ಲ. ಮಳೆಗಾಲಕ್ಕೆ ಮೊದಲು ಹೊಂಡ ಖಾಲಿ ಇತ್ತಾ? ಹೂಳು ತೆಗೆಸಿದ್ದರ ದಾಖಲೆ ಇದೆಯಾ? ಹೊಂಡದ ಮುಕ್ಕಾಲು ಪಾಲು ಹಳೆಯ ಹೂಳೇ ತುಂಬಿದ್ದರೆ ಸಾಧಾರಣ ಮಳೆಗೂ ಅದು ಉಕ್ಕುತ್ತದೆ. ಆಗ ಆಕಾಶಕ್ಕೆ ಕೈ ತೋರಿಸುವುದು ಸರಿಯಲ್ಲ.

ಮಳೆ ಎಷ್ಟಾಯಿತು ಎಂಬುದನ್ನೂ ಕಂಪನಿಯ ಬಾಯಿಂದ ಕೇಳಬೇಕಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ‘ಭಾರಿ’ ಎಂಬ ಒಂದೇ ಪದದಲ್ಲಿ ಎಷ್ಟು ಅಂತರ ಇದೆ ನೋಡಿ.

ಇದೇ ವಾದ ಉತ್ತರಾಖಂಡದಲ್ಲೂ ಬಂದಿತ್ತು. 2013ರ ಜೂನ್ ಪ್ರವಾಹದಲ್ಲಿ ಅಲಕನಂದಾ ಜಲವಿದ್ಯುತ್ ಯೋಜನೆಯವರು ರಾಶಿ ಹಾಕಿದ್ದ ಮಣ್ಣು ಕೊಚ್ಚಿಬಂದು ಶ್ರೀನಗರ ಪಟ್ಟಣದ ಮನೆಗಳಿಗೆ ನುಗ್ಗಿತು. ಇದು ದೈವದ ಆಟ ಎಂದಿತು ಕಂಪನಿ. ಪರಿಸರದ ಕೇಸುಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಪ್ಪಲಿಲ್ಲ. 2016ರಲ್ಲಿ ಸುಮಾರು 9.26 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು ಆದೇಶಿಸಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 17ನೇ ಕಲಮಿನಲ್ಲಿ, ಅಪಘಾತವಾದಾಗ ತಪ್ಪು ಸಾಬೀತಾಗದಿದ್ದರೂ ಹೊಣೆ ಹೊರಿಸಲು ಅವಕಾಶ ಇದೆ.

ಆದರೆ ಕಂಪನಿಗಳು ಗೆಲ್ಲುವ ಜಾಗ ಬೇರೆ ಇದೆ. ಅದು ನೀರಿನ ಸ್ಯಾಂಪಲ್. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಅಧಿಕಾರಿ ಗಣಿಯವರಿಗೆ ನೋಟಿಸ್ ಕೊಟ್ಟು, ಅವರ ಎದುರೇ ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ, ಸೀಲ್ ಹಾಕಿ, ಸಹಿ ಪಡೆಯಬೇಕು. ಇದರಲ್ಲಿ ಎಡವಿದರೆ ಲ್ಯಾಬ್ ವರದಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. ನಿಜವಾಗಿ ನೊಂದವರ ಕೇಸು ಕಾಗದದ ಮೇಲೆ ಸೋಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ‘ಆ ಮಣ್ಣು ನಮ್ಮದಲ್ಲ, ಗುಡ್ಡದ್ದು’ ಎಂಬ ಮಾತೂ ಬರುತ್ತದೆ. ಕಪ್ಪತಗುಡ್ಡದಂಥ ಕೆಂಪು ಮಣ್ಣಿನ ಸೀಮೆಯಲ್ಲಿ ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಹಳ್ಳದ ನೀರನ್ನು ಗಣಿಯ ಮೇಲ್ಗಡೆ ಒಂದು ಕಡೆ, ಕೆಳಗಡೆ ಒಂದು ಕಡೆ ಪರೀಕ್ಷೆ ಮಾಡಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ.

ನೀವು ಬಾಟಲಿಯಲ್ಲಿ ಹಿಡಿದಿಟ್ಟ ನೀರು ಕಾಯ್ದೆಯ ಸ್ಯಾಂಪಲ್ ಆಗುವುದಿಲ್ಲ. ಆದರೂ ರಾಡಿ ಹರಿಯುವಾಗಲೇ ದಿನಾಂಕ, ಸ್ಥಳ ಕಾಣುವಂತೆ ಫೋಟೊ, ವಿಡಿಯೊ ತೆಗೆದಿಡಿ. ಅದೇ ದಿನ ಮಂಡಳಿಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಲದ ಹಾನಿಗೆ ಗ್ರಾಮ ಆಡಳಿತಾಧಿಕಾರಿಯಿಂದ ಪಂಚನಾಮೆ ಮಾಡಿಸಿ. ಗಣಿಯ ಅನುಮತಿ ಪತ್ರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತದೆ. ಷರತ್ತು ಪಾಲಿಸಿದ ಬಗ್ಗೆ ಕಂಪನಿ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಹೊಂಡದ ಬಗ್ಗೆ ಅದರಲ್ಲಿ ಬರೆದಿರುವುದನ್ನು ನಿಮ್ಮ ಫೋಟೊ ಪಕ್ಕ ಇಟ್ಟು ನೋಡಿ.

ಮಂಡಳಿಯ ನಿರ್ದೇಶನದ ವಿರುದ್ಧ ಕಂಪನಿ ಹಸಿರು ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ರಾಜ್ಯಕ್ಕೆ ಅದರ ಪೀಠ ಚೆನ್ನೈನಲ್ಲಿದೆ. ಪರಿಹಾರ ಕೇಳಿ ನೀವೂ ಅಲ್ಲಿಗೇ ಹೋಗಬಹುದು. ಅದಕ್ಕೆ ಹಾನಿಯಾದಂದಿನಿಂದ 5 ವರ್ಷದೊಳಗೆ ಅರ್ಜಿ ಹಾಕಬೇಕು.